ಮದುವೆ ಆರ್ಡರ್ ಬಿಡಬೇಡ ಕಣೋ

ಲೋ ಗೆಳೆಯಾ,

ಮದುವೆ ಆರ್ಡರ್‌ಗಳನ್ನೆಲ್ಲ ಬಿಟ್ಟು ಇನ್ನು ಬರೀ ಫೈನ್ ಆರ್ಟ್, ಗ್ಲಾಮರ್ ಫೋಟೋಗ್ರಫಿ ಮಾಡುತ್ತೇನೆ ಅಂತ ಬರೆದಿದ್ದೀಯ, ಅದೂ ಗೌರಿಬಿದನೂರಲ್ಲಿ ಕೂತುಕೊಂಡು. ಆಗುತ್ತಾ ಅಂತ ಕೇಳಿದ್ದೀಯ. ಆಗುತ್ತೆ. ಆದರೆ ಮದುವೆ ಬಿಡಬೇಡ. ಇದನ್ನೇ ಕೇಳುವ ಹುಡುಗರು ಇನ್ನೂ ಇದ್ದಾರೆ, ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಬೆಂಗಳೂರಲ್ಲಾದರೆ ಮಾಡೆಲ್ ಏಜೆನ್ಸಿ ಇದೆ, ಗಂಟೆ ಲೆಕ್ಕದಲ್ಲಿ ಸ್ಟುಡಿಯೋ ಬಾಡಿಗೆಗೆ ಸಿಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ನನ್ನ ಕ್ಯಾಮೆರಾ ಮುಂದೆ ನಿಲ್ಲುವವರು ಯಾರು? ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿ, ಬ್ಯೂಟಿ ಪಾರ್ಲರ್ ನಡೆಸುವ ಅಕ್ಕ, ಸೀರಿಯಲ್‌ನಲ್ಲಿ ಚಾನ್ಸ್ ಹುಡುಕುವವರು. ಇವರು ಇನ್‌ಸ್ಟಾಗ್ರಾಂ ನೋಡಿ ಬರುವುದಿಲ್ಲ. "ನಮ್ಮ ಚಿಕ್ಕಮ್ಮನ ಮಗಳ ಮದುವೆಗೆ ಬಂದಿದ್ದರಲ್ಲ, ಅವರೇ" ಅಂತ ಯಾರೋ ಹೇಳಿರುತ್ತಾರೆ, ಅದಕ್ಕೆ ಬರುತ್ತಾರೆ. ಛತ್ರದಲ್ಲಿ ಹೆಣ್ಣಿನ ರೂಮಿನ ಬಾಗಿಲು ತಟ್ಟಿ ಕಾದು ಒಳಗೆ ಹೋದೆಯಾ, ಸೆರಗು ಜಾರಿದಾಗ ತೆಗೆದ ಫೋಟೋ ಅಳಿಸಿದೆಯಾ, ಆಲ್ಬಂ ಹೇಳಿದ ದಿನ ಕೊಟ್ಟೆಯಾ, ಇದನ್ನೆಲ್ಲ ಅಮ್ಮಂದಿರು ಸುಮ್ನೆ ಗಮನಿಸುತ್ತಾ ಇರುತ್ತಾರೆ, ವರ್ಷವಾದರೂ ಮರೆಯುವುದಿಲ್ಲ. ಆ ಅಮ್ಮ ಒಪ್ಪಿದರೇನೇ ಮಗಳು ನಿನ್ನ ಸ್ಟುಡಿಯೋ ಮೆಟ್ಟಿಲು ಹತ್ತುವುದು. ಮದುವೆ ಬಿಟ್ಟರೆ ನಿನ್ನನ್ನು ಯಾರು ನಂಬುತ್ತಾರೆ ಹೇಳು.

ಜಾಗ ಅಂದ ಕೂಡಲೇ ಎಲ್ಲರೂ ನಂದಿ ಬೆಟ್ಟ ಅನ್ನುತ್ತಾರೆ. 1,478 ಮೀಟರ್ ಎತ್ತರದಲ್ಲಿ ಮಂಜು ಚೆನ್ನಾಗಿಯೇ ಸಿಗುತ್ತದೆ, ಆದರೆ ಶನಿವಾರ ಭಾನುವಾರ ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ. ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ನೋಡಿದರೆ ಯಾರಿಗಾದರೂ ಕೈ ತುರಿಸುತ್ತದೆ. ಅದು ಪುರಾತತ್ವ ಇಲಾಖೆಗೆ ಸೇರಿದ್ದು. ಟ್ರೈಪಾಡು, ಲೈಟು ಇಟ್ಟುಕೊಂಡು ಶೂಟ್ ಮಾಡಬೇಕಾದರೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ಅದೂ ಅಲ್ಲದೆ ಪೂಜೆ ನಡೆಯುವ ಗುಡಿ ಅದು. ಗ್ಲಾಮರ್ ಅಲ್ಲಿ ಬೇಡ ಅಂತ ನನ್ನ ಲೆಕ್ಕ.

ನನ್ನ ಸ್ಟುಡಿಯೋ ಗುಲಾಬಿ ಬೆಳೆಯುವ ಪಾಲಿಹೌಸ್, ಅದೇ ಪ್ಲಾಸ್ಟಿಕ್ ಶೀಟು ಹೊದಿಸಿದ ತೋಟದ ಮನೆ. ನಮ್ಮ ಸುತ್ತಮುತ್ತ ಬೇಕಾದಷ್ಟಿವೆ, ಫೋಟೋಗ್ರಾಫರ್‌ಗಳು ಯಾಕೆ ಆ ಕಡೆ ನೋಡುವುದಿಲ್ಲವೋ ಗೊತ್ತಿಲ್ಲ. ಆ ಹಾಲು ಬಣ್ಣದ ಶೀಟು ಬಿಸಿಲನ್ನು ಸೋಸಿ ಎಲ್ಲಾ ಕಡೆ ಹರಡಿಬಿಡುತ್ತದೆ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುವುದೇ ಇಲ್ಲ. ಹಾಗಂತ ಹಾಗೇ ಬಿಟ್ಟರೆ ಮುಖ ಚಪ್ಪಟೆಯಾಗಿ ಕಾಣುತ್ತದೆ, ಅದಕ್ಕೆ ಒಂದು ಪಕ್ಕ ಕಪ್ಪು ಬಟ್ಟೆ ಹಿಡಿಸು. ಎಲೆಯ ಹಸಿರು ಚರ್ಮದ ಮೇಲೆ ಬೀಳುತ್ತದೆ, ಕ್ಯಾಮೆರಾದಲ್ಲಿ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡ. ಬೆಳಗ್ಗೆ ಬೇಗ ಮುಗಿಸು, ಬಿಸಿಲೇರಿದರೆ ಒಳಗೆ ಧಗೆ, ಮೇಕಪ್ ಇಳಿದುಹೋಗುತ್ತದೆ. ಔಷಧಿ ಹೊಡೆದ ದಿನ ಒಳಗೆ ಕಾಲಿಡಲೇಬೇಡ, ತೋಟದವರನ್ನು ಕೇಳಿಕೊಂಡೇ ಹೋಗು. ದ್ರಾಕ್ಷಿ ಚಪ್ಪರವೂ ಚೆನ್ನ, ಆದರೆ ಎತ್ತರದ ಹುಡುಗಿಯಾದರೆ ಬಗ್ಗಿ ನಿಲ್ಲಬೇಕು.

"ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಸಾರ್" ಅಂತ ಎಲ್ಲರೂ ಕೇಳುತ್ತಾರೆ. ಮದುವೆ ಆಲ್ಬಮ್ಮಿನಲ್ಲಿ ಮಾಡಿಕೊಡುತ್ತೇನೆ, ಅವರ ದುಡ್ಡು ಅವರಿಷ್ಟ. ನನ್ನ ಸ್ವಂತ ಕೆಲಸದಲ್ಲಿ ಮಾಡುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಎದುರಿಗೆ ಏನೇ ಇದ್ದರೂ ಅದನ್ನು ನಡುವಿನ ಬೂದು ಬಣ್ಣ ಅಂತಲೇ ತಿಳಿಯುತ್ತದೆ. ಕಪ್ಪು ಮೈಬಣ್ಣ, ಹಿಂದೆಯೂ ಕಪ್ಪು ಗೋಡೆ ಇದ್ದರೆ ಬೆಳಕು ಜಾಸ್ತಿ ತೆಗೆದುಕೊಂಡು ಮುಖಕ್ಕೆ ಬೂದಿ ಬಳಿದ ಹಾಗೆ ಮಾಡಿಡುತ್ತದೆ. ಒಂದು ಸ್ಟಾಪ್ ಇಳಿಸು, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು ಅರ್ಧ ಮಾಡು, ಪಕ್ಕದಿಂದ ಬೆಳಕು ಕೊಡು, ಭುಜಕ್ಕೆ ಒಂಚೂರು ಕೊಬ್ಬರಿ ಎಣ್ಣೆ ಸವರಿಕೊಳ್ಳಲು ಹೇಳು. ಆಮೇಲೆ ನೋಡು. ಬೇಲೂರಿನ ಮದನಿಕೆಯರನ್ನು ಕಪ್ಪು ಕಲ್ಲಿನಲ್ಲೇ ಅಲ್ವಾ ಕೆತ್ತಿರೋದು, ಅವರನ್ನು ಬೆಳ್ಳಗೆ ಮಾಡಿ ಅಂತ ಯಾರಾದರೂ ಕೇಳಿದ್ದಾರಾ?

ಈಗ ಕಾಗದದ ವಿಷಯ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಫೋಟೋ ತೆಗೆದವರೇ ಅದರ ಮೊದಲ ಮಾಲೀಕರು. ಆದರೆ ಯಾರಾದರೂ ದುಡ್ಡು ಕೊಟ್ಟು ತೆಗೆಸಿಕೊಂಡಿದ್ದರೆ, ಬೇರೆ ಒಪ್ಪಂದ ಮಾಡಿಕೊಂಡಿಲ್ಲದಿದ್ದರೆ, ಹಕ್ಕು ಅವರದ್ದು. ಚಾನ್ಸ್ ಕೇಳಲು ತೋರಿಸುವ ಫೋಟೋಗಳಿಗೆ, ಅದೇ ಪೋರ್ಟ್‌ಫೋಲಿಯೋಗೆ, ದುಡ್ಡು ಕೊಟ್ಟ ಹುಡುಗಿಯ ಫೋಟೋವನ್ನು ನೀನು ಕೇಳದೆ ನಿನ್ನ ಪೇಜಿಗೆ ಹಾಕುವ ಹಾಗಿಲ್ಲ ಅಂತಾಯಿತು. ನಾನು ಒಂದು ಪುಟದ ಒಪ್ಪಿಗೆ ಪತ್ರ ಇಟ್ಟಿದ್ದೇನೆ, ಕನ್ನಡದಲ್ಲಿ, ಯಾಕಂದರೆ ಅಮ್ಮನೂ ಓದಬೇಕು. ಯಾವ ಫೋಟೋ, ಎಲ್ಲಿ ಹಾಕುತ್ತೇನೆ, ಮಾರಿದರೆ ಅವರಿಗೆಷ್ಟು, ಎಲ್ಲ ಅದರಲ್ಲಿದೆ. ನಾಳೆ ಮದುವೆ ಗೊತ್ತಾಗಿ ತೆಗೆದುಬಿಡಿ ಅಂದರೆ ತೆಗೆಯುತ್ತೇನೆ ಅಂತಲೂ ಬರೆದಿದ್ದೇನೆ. ಹದಿನೆಂಟು ತುಂಬದವರು ಬೇಡವೇ ಬೇಡ, ಆಧಾರ್ ನೋಡು. ಜೊತೆಗೆ ಯಾರಾದರೂ ಬರಲಿ. ಪೋಸ್ ಹೇಳುವಾಗ ಮುಟ್ಟಬೇಡ, ನೀನೇ ನಿಂತು ತೋರಿಸು, ನಕ್ಕರೆ ನಗಲಿ.

ಇದೆಲ್ಲ ಅಶ್ಲೀಲ ಅಲ್ವಾ ಅಂತ ನಿಮ್ಮ ಮಾವ ಕೇಳಿದರಂತೆ. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಭಾವಿ ಪತ್ನಿಯ ಜೊತೆ ಬೆತ್ತಲೆಯಾಗಿ ತೆಗೆಸಿಕೊಂಡ ಫೋಟೋ ನಮ್ಮ ದೇಶದ ಪತ್ರಿಕೆಯೊಂದರಲ್ಲಿ ಬಂದು ಕೇಸಾಗಿತ್ತು. ತೆಗೆದಿದ್ದು ಆಕೆಯ ಅಪ್ಪ. ಬಿಳಿಯ, ಕರಿಯ ಅನ್ನುವ ಭೇದದ ವಿರುದ್ಧ ಮಾತಾಡುವ ಚಿತ್ರ ಅದು. ಬರೀ ಬೆತ್ತಲೆ ಅನ್ನುವ ಕಾರಣಕ್ಕೆ ಅಶ್ಲೀಲ ಆಗುವುದಿಲ್ಲ, ಇವತ್ತಿನ ಸಮಾಜದ ಕಣ್ಣಲ್ಲಿ, ಸಂದರ್ಭ ನೋಡಿ ಹೇಳಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಸರಿ, ಆದರೆ ನಮ್ಮೂರ ಬಿಬಿ ರೋಡಿನ ಟೀ ಅಂಗಡಿಯಲ್ಲಿ ಯಾರೂ ತೀರ್ಪು ಓದಿಕೊಂಡು ಮಾತಾಡುವುದಿಲ್ಲ. ಬೆತ್ತಲೆ ನಾನು ತೆಗೆಯುವುದಿಲ್ಲ. ಮಾತು ಬಂದರೆ ಕೇಳಬೇಕಾದವಳು ಫೋಟೋದಲ್ಲಿರುವ ಹುಡುಗಿ, ನಾನಲ್ಲ.

ದುಡ್ಡು? ಕಡಿಮೆ. ಹತ್ತಿಯ ಕಾಗದದ ಮೇಲೆ ಬೇಗ ಮಾಸದ ಪಿಗ್ಮೆಂಟ್ ಇಂಕಿನಲ್ಲಿ ಪ್ರಿಂಟ್ ಮಾಡಿಸಲು ನಾನು ಬೆಂಗಳೂರಿಗೇ ಹೋಗುತ್ತೇನೆ, ಫ್ರೇಮು ಸೇರಿದರೆ ಕೈ ಸುಡುತ್ತದೆ. ಮುಖ ಕಾಣುವ ಫೋಟೋ ಯಾರೂ ಕೊಳ್ಳುವುದಿಲ್ಲ, ಯಾರದೋ ಮನೆ ಮಗಳು ನಮ್ಮ ಹಾಲ್‌ನಲ್ಲಿ ಯಾಕೆ ಅನ್ನುತ್ತಾರೆ. ಬೆನ್ನು, ಜಡೆ, ಮಲ್ಲಿಗೆ ಕಟ್ಟುವ ಕೈ, ಇವು ಹೋಗುತ್ತವೆ. ಬಾಡಿಗೆ ಕಟ್ಟುವುದು ಮದುವೆಯೇ.

ಆಷಾಢದಲ್ಲಿ, ಧನುರ್ಮಾಸದಲ್ಲಿ ಹೇಗೂ ಮದುವೆ ಇರುವುದಿಲ್ಲ. ಒಂದರಲ್ಲಿ ಮೋಡ, ಇನ್ನೊಂದರಲ್ಲಿ ಮಂಜು, ನಮ್ಮ ಕೆಲಸಕ್ಕೆ ಇನ್ನೇನು ಬೇಕು. ಆ ಎರಡು ತಿಂಗಳು ನಿನ್ನದು ಅಂತ ಇಟ್ಟುಕೋ. ಒಪ್ಪಿಗೆ ಪತ್ರದ ನಕಲು ವಾಟ್ಸಾಪ್ ಮಾಡುತ್ತೇನೆ, ಹೆಸರು ಬದಲಾಯಿಸಿಕೊಂಡು ಬಳಸು. ಮಾರಿದರೆ ಅವರಿಗೂ ಪಾಲು ಅನ್ನುವ ಸಾಲು ಮಾತ್ರ ತೆಗೆದುಹಾಕಬೇಡ.

ಇಂತಿ,
ನಿನ್ನ ಚಿಕ್ಕಬಳ್ಳಾಪುರದವನು