ಸ್ಥಳೀಯ ದೂರು ಸಮಿತಿಗಳು ಎಲ್ಲಿವೆ?

ಮಾನ್ಯ ಸಂಪಾದಕರೇ,

ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕೆ ಬಿಟ್ಟ ವಿಚಾರ. ಆದರೆ ಪ್ರಕರಣ ಹೊರಬಂದ ಬಗೆಯನ್ನು ನಾವು ಮರೆಯುವಂತಿಲ್ಲ. 2024ರ ಲೋಕಸಭಾ ಚುನಾವಣೆಯ ಮತದಾನದ ಹೊತ್ತಿಗೆ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡಿ, ಸಂತ್ರಸ್ತೆಯರ ಮಾನ ಬೀದಿಪಾಲಾದ ಮೇಲಷ್ಟೇ ವಿಶೇಷ ತನಿಖಾ ತಂಡ ರಚನೆಯಾಯಿತು. ದೂರು ಕೇಳಿಸಿಕೊಳ್ಳಬೇಕಾದ ಆಡಳಿತ ವ್ಯವಸ್ಥೆ ಅಲ್ಲಿಯವರೆಗೆ ಎಲ್ಲಿತ್ತು?

ಕಾನೂನಿನಲ್ಲಿ ದಾರಿ ಇರಲಿಲ್ಲ ಎನ್ನುವಂತಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರಲ್ಲೇ ಬಂದಿದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಯವರು, ಮಾಲೀಕನ ವಿರುದ್ಧವೇ ದೂರು ಕೊಡಬೇಕಾದವರು ಜಿಲ್ಲೆಯ ಸ್ಥಳೀಯ ದೂರು ಸಮಿತಿಗೆ ಹೋಗಬಹುದು. ದೂರು ಸ್ವೀಕರಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು. ಕಾಯ್ದೆಯ ಪ್ರಕಾರ ಮನೆಯೂ ಕೆಲಸದ ಸ್ಥಳವೇ. ಮನೆಗೆಲಸದವರ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ ಸಮಿತಿಯು ಅದನ್ನು ಏಳು ದಿನಗಳೊಳಗೆ ಪೊಲೀಸರಿಗೆ ಕಳುಹಿಸಲೇಬೇಕು. ಅಂದರೆ ಗೌಡರ ಮನೆಯಲ್ಲಿ ಪಾತ್ರೆ ತೊಳೆಯುವವಳು ಒಬ್ಬಳೇ ಠಾಣೆಯ ಮೆಟ್ಟಿಲು ಹತ್ತಬೇಕಾಗಿಲ್ಲ. ಆದರೆ ಇಂಥದ್ದೊಂದು ಸಮಿತಿ ಇದೆಯೆಂದು ಅವಳಿಗೆ ಹೇಳಿದವರು ಯಾರು?

ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದ ನನಗೆ ಈ ಸಮಿತಿಗಳ ಹಣೆಬರಹ ಗೊತ್ತು. ನಾನಿದ್ದ ಕಚೇರಿಯ ಸೂಚನಾ ಫಲಕದಲ್ಲಿ ಪಹಣಿ ಶುಲ್ಕದ ಪ್ರಕಟಣೆಯ ಅಡಿಯಲ್ಲಿ ಅರ್ಧ ಮುಚ್ಚಿಹೋಗಿದ್ದ, ಕಚೇರಿಯೊಳಗಿನ ಇಂಥ ದೂರುಗಳನ್ನು ಕೇಳಬೇಕಾದ ಆಂತರಿಕ ಸಮಿತಿಯ ಆದೇಶದಲ್ಲಿ ಅಧ್ಯಕ್ಷೆಯೆಂದು ನಮೂದಾಗಿದ್ದವರು ವರ್ಗವಾಗಿ ಎಷ್ಟೋ ಕಾಲವಾಗಿತ್ತು, ಕೊಟ್ಟಿದ್ದ ದೂರವಾಣಿ ಸತ್ತುಹೋಗಿತ್ತು. ಉಳಿದ ಸದಸ್ಯರೋ, ಮೇಲಧಿಕಾರಿಯಿಂದ ರಜೆ ಮಂಜೂರು ಮಾಡಿಸಿಕೊಳ್ಳಬೇಕಾದವರೇ. ಅವರು ಅದೇ ಮೇಲಧಿಕಾರಿಯ ಮೇಲೆ ವಿಚಾರಣೆ ನಡೆಸಿಯಾರೇ? ಕಾಯ್ದೆ ಬರುವ ಮುನ್ನವೇ, 2012ರ ದೆಹಲಿ ಅತ್ಯಾಚಾರ ಪ್ರಕರಣದ ಬಳಿಕ ಕೇಂದ್ರ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿಯು ಸಂಸ್ಥೆಯೊಳಗಿನ ಸಮಿತಿ ಬೇಡ, ಪ್ರತ್ಯೇಕ ನ್ಯಾಯಮಂಡಳಿ ಇರಲಿ ಎಂದು ಶಿಫಾರಸು ಮಾಡಿತ್ತು. ಅದನ್ನು ಒಪ್ಪಲಿಲ್ಲ.

ಸಮಿತಿ ರಚಿಸದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡವಿದೆ. ಸ್ಥಳೀಯ ಸಮಿತಿ ರಚಿಸದ ಜಿಲ್ಲೆಯ ಅಧಿಕಾರಿಗೆ ಕಾಯ್ದೆಯಲ್ಲಿ ಯಾವ ದಂಡವೂ ಇಲ್ಲ. ಲೈಂಗಿಕ ಕಿರುಕುಳದ ಆರೋಪದಲ್ಲಿ ವಜಾಗೊಂಡಿದ್ದ ಗೋವಾದ ಅಧ್ಯಾಪಕ ಆರೆಲಿಯಾನೊ ಫರ್ನಾಂಡಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಕಾಯ್ದೆಯ ಜಾರಿಯಲ್ಲಿನ ಲೋಪಗಳನ್ನು ಕಟುವಾಗಿ ಎತ್ತಿ ತೋರಿಸಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ಗಡುವು ಕೊಟ್ಟು ಜಿಲ್ಲಾ ಅಧಿಕಾರಿಗಳ ನೇಮಕಕ್ಕೆ ಆದೇಶಿಸಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲಿನ ಮಾತು ಇದು!

ಲೆಕ್ಕ ಕೇಳಿದರೆ ‘ಗೋಪ್ಯತೆ’ ಎಂಬ ಉತ್ತರ ಸಿದ್ಧವಿರುತ್ತದೆ. ಕಾಯ್ದೆ ಮುಚ್ಚಿಡಬೇಕೆನ್ನುವುದು ದೂರುದಾರರ, ಆರೋಪಿಯ ಮತ್ತು ಸಾಕ್ಷಿಗಳ ಗುರುತನ್ನೂ ವಿಚಾರಣೆಯ ವಿವರವನ್ನೂ ಹೊರತು, ಎಷ್ಟು ದೂರು ಬಂದವು, ತೊಂಬತ್ತು ದಿನಗಳೊಳಗೆ ಎಷ್ಟರ ವಿಚಾರಣೆ ಮುಗಿಯಿತು ಎಂಬ ಸಂಖ್ಯೆಯನ್ನಲ್ಲ. ಆ ಸಂಖ್ಯೆಗಳಿರುವ ವಾರ್ಷಿಕ ವರದಿಯನ್ನು ಪ್ರತಿ ಜಿಲ್ಲಾಡಳಿತವೂ ತನ್ನ ಜಾಲತಾಣದಲ್ಲಿ ಪ್ರಕಟಿಸಲಿ. ತಾಲ್ಲೂಕಿನ ನೋಡಲ್ ಅಧಿಕಾರಿಯ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ಗ್ರಾಮ ಪಂಚಾಯಿತಿ, ಅಂಗನವಾಡಿ ಮತ್ತು ನ್ಯಾಯಬೆಲೆ ಅಂಗಡಿಗಳ ಗೋಡೆಯ ಮೇಲೆ ಬರೆಸಿ, ಅಧಿಕಾರಿ ವರ್ಗವಾದ ದಿನವೇ ಬದಲಿಸುವ ಹೊಣೆಯನ್ನು ತಹಶೀಲ್ದಾರರಿಗೆ ವಹಿಸಿ ಸರ್ಕಾರ ಆದೇಶ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ನಿವೃತ್ತ ಶಿರಸ್ತೇದಾರ, ಹಾಸನ ಜಿಲ್ಲೆ