ಸೀರಿಯಸ್ ಆಗುವ ಮೊದಲೇ ಒಂದು ಗಾಡಿ ಕೊಡಿ: ಸಾಗರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಶರಾವತಿ ಹಿನ್ನೀರಿನ ಆಚೆಯ ಕರೂರು ಹೋಬಳಿಯವನು. ಅಡಿಕೆ ಕೊನೆ ತೆಗೆಯುತ್ತಿದ್ದೆ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಈಗ ಓಡಾಟವೆಲ್ಲ ವೀಲ್‌ಚೇರಿನಲ್ಲಿ. ಹೀಗೆ ಬಿದ್ದವರು ನಮ್ಮ ಅಡಿಕೆ ಸೀಮೆಯಲ್ಲಿ ಇನ್ನೂ ಇದ್ದಾರೆ, ನಿಮಗೂ ಗೊತ್ತು.

2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯಿತು. ರಾತ್ರಿ ಹೊತ್ತು ಹಿನ್ನೀರು ದಾಟಿಸುವ ಲಾಂಚ್ ಇಲ್ಲದೆ ಹೆರಿಗೆ ನೋವಿನವರನ್ನು ಇಟ್ಟುಕೊಂಡು ಒದ್ದಾಡಿದ ಜನ ನಾವು. ಸೇತುವೆ ಬಂದ ಖುಷಿ ನನಗೂ ಇದೆ. ಆದರೆ ಅದರ ಮೇಲೆ ಬರುವ ಬಸ್ಸಿನ ಮೆಟ್ಟಿಲು ಮೊದಲಿನಷ್ಟೇ ಎತ್ತರ. ನನ್ನ ಪಾಲಿಗೆ ಆ ಬಸ್ ಇದ್ದೂ ಇಲ್ಲ.

ಕಿಡ್ನಿ ಪರೀಕ್ಷೆ, ಮೂತ್ರದ ಪೈಪಿನ ತೊಂದರೆ, ಕೂತು ಕೂತು ಆಗುವ ಹುಣ್ಣು, ಇದಕ್ಕೆಲ್ಲ ನಾನು ಶಿವಮೊಗ್ಗಕ್ಕೇ ಹೋಗಬೇಕು. ಕಾರು ಬಾಡಿಗೆ ಹಿಡಿದರೆ ಹೋಗಿ ಬರಲು ನಾಲ್ಕು ಸಾವಿರಕ್ಕೆ ಕಡಿಮೆ ಇಲ್ಲ. ನನಗೆ ಬರುವ ಮಾಸಾಶನ 1,400 ರೂಪಾಯಿ. ಹಾಗಾಗಿ ಸಾಗರದವರೆಗೆ ಆಟೊ, ಅಲ್ಲಿಂದ ಯಾರದಾದರೂ ಗಾಡಿ ಸಿಕ್ಕರೆ ಅದು. ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುತ್ತಾರೆ. ವೀಲ್‌ಚೇರ್ ಮಡಚಿ ಹಿಂದೆ ಹಗ್ಗದಲ್ಲಿ ಕಟ್ಟುತ್ತಾರೆ. ಮೂತ್ರದ ಚೀಲದ ಪೈಪು ತೊಡೆಯಡಿ ಸಿಕ್ಕಿಕೊಂಡರೂ ನನಗೆ ತಿಳಿಯುವುದಿಲ್ಲ, ಸೊಂಟದ ಕೆಳಗೆ ಸ್ಪರ್ಶವೇ ಇಲ್ಲವಲ್ಲ. ಮನೆಯವಳು ಆಗಾಗ ಬಗ್ಗಿ ನೋಡುತ್ತಿರಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ಗಟ್ಟಿ ಸೀಟಿನ ಮೇಲೆ ಕುಲುಕಾಡಿ, ತೋರಿಸಲು ಹೊರಟ ಹುಣ್ಣು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇನ್ನೂ ಜಾಸ್ತಿ ಆಗಿರುತ್ತದೆ.

108 ಇದೆಯಲ್ಲ ಎನ್ನುತ್ತಾರೆ. ಅದು ತುರ್ತಿಗೆ ಇರುವ ಗಾಡಿ. ಎದೆನೋವಿನವರಿಗೆ ಸಿಗಬೇಕಾದ್ದನ್ನು ಚೆಕಪ್‌ಗೆ ಕೇಳುವುದು ಸರಿಯಲ್ಲ. ಆದರೆ ನನ್ನ ಸ್ಥಿತಿ ನೋಡಿ. ಸೋಂಕು ರಕ್ತಕ್ಕೆ ಏರಿ ಪ್ರಜ್ಞೆ ತಪ್ಪಿದರೆ ಸರ್ಕಾರದ ಗಾಡಿ ಬರುತ್ತದೆ. ಸೋಂಕು ಏರದಂತೆ ನೋಡಿಕೊಳ್ಳಲು ಗಾಡಿ ಇಲ್ಲ. ಎಷ್ಟೋ ಜನ ಈ ಖರ್ಚಿಗೆ, ಎತ್ತಿಸಿಕೊಳ್ಳುವ ಸಂಕೋಚಕ್ಕೆ ತಾರೀಖು ತಪ್ಪಿಸಿ ಸುಮ್ನೆ ಮನೆಯಲ್ಲೇ ಉಳಿಯುತ್ತಾರೆ.

ಹೆರಿಗೆಯಾದ ತಾಯಿ ಮಗುವನ್ನು ಮನೆಗೆ ಬಿಡಲು ಸರ್ಕಾರ ನಗು-ಮಗು ಗಾಡಿ ಮಾಡಿತು. ಒಳ್ಳೆಯ ಕೆಲಸ. ಅದೇ ರೀತಿ ನಮ್ಮ ತಾಲ್ಲೂಕಿಗೆ ಒಂದೇ ಒಂದು ಗಾಡಿ ಬೇಕು. ಹಿಂದಿನ ಬಾಗಿಲಿಗೆ ರ‍್ಯಾಂಪ್, ಒಳಗೆ ವೀಲ್‌ಚೇರನ್ನು ಬಿಗಿಯುವ ಬೆಲ್ಟ್. ಕೂತ ಕುರ್ಚಿಯಲ್ಲೇ ಹತ್ತಿ ಇಳಿಯುವಂತಿರಲಿ. ಎರಡು ದಿನ ಮೊದಲೇ ಫೋನ್ ಮಾಡಿ ಹೆಸರು ಬರೆಸುತ್ತೇವೆ. ಒಂದೇ ದಿಕ್ಕಿನವರಿಗೆ ಒಂದೇ ದಿನ ತಾರೀಖು ಕೊಟ್ಟರೆ ಡೀಸೆಲ್ಲೂ ಉಳಿಯುತ್ತದೆ. ವಿಕಲಚೇತನರಿಗೆ ಕೈಗೆಟಕುವ ಖರ್ಚಿನಲ್ಲಿ ಓಡಾಟಕ್ಕೆ ಯೋಜನೆ ಮಾಡಬೇಕು ಎಂದು 2016ರ ಹಕ್ಕುಗಳ ಕಾಯ್ದೆಯ 41ನೇ ಕಲಮು ಹೇಳುತ್ತದೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಈ ಗಾಡಿಗೆ ದಾರಿ ಇದೆಯಾ ನೋಡಿ, ಇಲ್ಲದಿದ್ದರೆ ಆರೋಗ್ಯ ಇಲಾಖೆಯಿಂದ ಕೊಡಿಸಿ. ಡ್ರೈವರ್ ಸಂಬಳಕ್ಕೂ ಆಗಲೇ ವ್ಯವಸ್ಥೆ ಆಗಬೇಕು. ಇಲ್ಲದಿದ್ದರೆ ಗಾಡಿ ಶೆಡ್ಡಿನಲ್ಲೇ ತುಕ್ಕು ಹಿಡಿಯುತ್ತದೆ.

ಯಾರಿಗೆ ಬೇಕು ಅಂತ ಹುಡುಕುವುದೂ ಕಷ್ಟವಲ್ಲ. ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯೂಗಳು, ಅಂದರೆ ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರಿಗೆ ಮನೆ ಮನೆ ಗೊತ್ತು. ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಈ ವಿಷಯ ಇಡಿ, ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಅಲ್ಲೇ ಉತ್ತರ ಕೇಳಿ. ನನ್ನನ್ನು ಕರೆದರೆ ನಾನೂ ಬಂದು ಹೇಳುತ್ತೇನೆ.

ಇಂತಿ,
ಕರೂರು ಹೋಬಳಿಯ ಒಬ್ಬ ಮತದಾರ