ಅಕ್ಕನಿಗೆ ಮಾತ್ರ, ಸ್ಪೀಕರ್ ಹಾಕದೆ

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್
7 ಡಿಸೆಂಬರ್ 2025

ಪ್ರೀತಿಯ ಅಕ್ಕ,

ನಾವಿಬ್ಬರೂ ಕ್ಷೇಮ ಅಂತ ಶುರು ಮಾಡಬೇಕು. ಆದರೆ ಅಷ್ಟೇ ಹೇಳುವುದಿದ್ದರೆ ಫೋನೇ ಸಾಕಿತ್ತು. ಫೋನ್ ಅಂದರೆ ನೀನು ಸ್ಪೀಕರ್ ಹಾಕಿಬಿಡುತ್ತೀಯ. ಪಕ್ಕದಲ್ಲಿ ಅಮ್ಮ, ಹಿಂದೆ ಕುಕ್ಕರ್ ಕೂಗು, ನಡುವೆ ಭಾವನ "ಏನಪ್ಪಾ, ಹೆಂಡತಿ ಸಂಬಳದಲ್ಲಿ ಮಜಾನಾ?" ಅದಕ್ಕೇ ಈ ಕಾಗದ. ಮೊದಲು ನೀನೊಬ್ಬಳೇ ಓದು.

ಸೆಪ್ಟೆಂಬರ್‌ನಿಂದ ನಾನು ಮನಸ್ಸಿನ ತೊಂದರೆಗೆ ತೋರಿಸಿಕೊಳ್ಳುತ್ತಿದ್ದೇನೆ. ಗಾಬರಿಯಾಗಬೇಡ. ಈಗ ಎಷ್ಟೋ ವಾಸಿ.

ಮಾರ್ಚ್‌ನಲ್ಲಿ ಬಂದಾಗ ಎಲ್ಲ ಚೆನ್ನಾಗೇ ಇತ್ತು. ಚೈತ್ರಾಗೆ ಕೆಲಸ ಹಿಡಿಸಿತು. ನನ್ನ ಪರ್ಮಿಟ್ ಕಾರ್ಡಿನ ಮೇಲೂ ಯಾವ ಕೆಲಸ ಬೇಕಾದರೂ ಮಾಡಬಹುದು ಅಂತಲೇ ಬರೆದಿದೆ. ಆದರೆ ಕೆಲಸ ಕೊಡುವವರು ಡಚ್ ಬರುತ್ತಾ ಅಂತ ಕೇಳುತ್ತಾರೆ. ಮೈಸೂರಿನಲ್ಲಿ ಹನ್ನೊಂದು ವರ್ಷ ಡಿಪ್ಲೊಮಾ ಹುಡುಗರಿಗೆ ಸರ್ವೇಯಿಂಗ್ ಹೇಳಿಕೊಟ್ಟವನು ಇಲ್ಲಿ 'ಇದು ಸೇಬು, ಅದು ಕುರ್ಚಿ' ಅಂತ ಕಲಿಯುತ್ತಾ ಕೂತೆ.

ಇಲ್ಲಿ ಎಲ್ಲರೂ ಚಳಿಗಾಲದ ಕತ್ತಲೆಯನ್ನು ಬೈಯುತ್ತಾರೆ. ನನಗೆ ಶುರುವಾದದ್ದು ಜೂನ್‌ನಲ್ಲಿ, ರಾತ್ರಿ ಹತ್ತಾದರೂ ಬೆಳಕಿರುವಾಗ. ತಲೆನೋವು, ಎದೆ ಬಿಗಿತ, ಬೆರಳಲ್ಲಿ ಜುಮುಜುಮು. ಬಿ12 ಕಮ್ಮಿಯಾಗಿರಬೇಕು ಅಂತ ಮಾತ್ರೆ ನುಂಗಿದೆ. ಚೈತ್ರಾ ಎಂಟಕ್ಕೆ ಹೊರಟ ಮೇಲೆ ಪರದೆ ಎಳೆದು ಮತ್ತೆ ಮಲಗುವುದು. ಅವಳು ಬರುವ ಹತ್ತು ನಿಮಿಷ ಮೊದಲು ಎದ್ದು, ಪರದೆ ಸರಿಸಿ, ಒಗ್ಗರಣೆ ಹಾಕುವುದು. ಒಗ್ಗರಣೆ ವಾಸನೆ ಬಂದರೆ ಮನೆಯಲ್ಲಿ ಎಲ್ಲ ಸರಿಯಾಗಿದೆ ಅಂತ ಅರ್ಥ, ಅಲ್ವಾ? ಎರಡು ತಿಂಗಳು ಹೀಗೇ ನಡೆಯಿತು.

ಸಿಕ್ಕಿಬಿದ್ದದ್ದು ಪಕ್ಕದ ಮನೆ ಅಜ್ಜಿಯಿಂದ. ಇಲ್ಲಿನವರು ಹಗಲು ಪರದೆ ಹಾಕುವುದು ಕಮ್ಮಿ. ಬೀದಿಯಲ್ಲಿ ನಡೆದರೆ ಅವರ ಸೋಫಾ, ಬೆಕ್ಕು, ಹೂಕುಂಡ ಎಲ್ಲ ಕಾಣುತ್ತದೆ. ಆ ಸಾಲಿನಲ್ಲಿ ಮುಚ್ಚಿದ್ದು ನಮ್ಮ ಕಿಟಕಿ ಒಂದೇ. ಅಜ್ಜಿ ಒಂದು ಶನಿವಾರ ಚೈತ್ರಾನ ಕೇಳಿದರು, "ರಜೆಗೆ ಊರಿಗೆ ಹೋಗಿದ್ರಾ? ವಾರವೆಲ್ಲ ಕಿಟಕಿ ಮುಚ್ಚಿತ್ತು." ಇವಳು ಒಳಗೆ ಬಂದು ಏನೂ ಕೇಳಲಿಲ್ಲ. ಚಪ್ಪಲಿ ಬಿಡದೆ ಹಾಗೇ ಸೋಫಾ ಮೇಲೆ ಕೂತಳು. ಆಮೇಲೆ ಅತ್ತಳು. ನನ್ನಿಂದ ಹೀಗಾಯಿತು ಅಂದಳು. ನಾನು ಇಲ್ಲ ಅಂದೆ. ಅರ್ಧ ಸುಳ್ಳು ಹೇಳಿದೆ ಅಂತ ಈಗ ಅನ್ನಿಸುತ್ತದೆ. ಒಳಗೊಳಗೆ ಅವಳ ಮೇಲೆ ಸಿಟ್ಟಿತ್ತು.

ನಮ್ಮೂರಿನ ಹಾಗೆ ಬೋರ್ಡ್ ನೋಡಿ ಸೈಕಿಯಾಟ್ರಿಸ್ಟ್ ಹತ್ತಿರ ನೇರವಾಗಿ ಹೋಗುವುದು ಇಲ್ಲಿ ಆಗುವುದಿಲ್ಲ. ಎಲ್ಲದಕ್ಕೂ ಮೊದಲು ಏರಿಯಾದ ಫ್ಯಾಮಿಲಿ ಡಾಕ್ಟರ್. ಅವರು ಚೀಟಿ ಬರೆದುಕೊಡದಿದ್ದರೆ ಇನ್ಶೂರೆನ್ಸ್‌ನವರು ದುಡ್ಡು ಕೊಡುವುದಿಲ್ಲ. ಜುಲೈನಲ್ಲೇ ಒಮ್ಮೆ ಹೋಗಿದ್ದೆ. ಹತ್ತು ನಿಮಿಷದ ಭೇಟಿ. ತಲೆನೋವು ಅಂತಷ್ಟೇ ಹೇಳಿ, ಪ್ಯಾರಾಸಿಟಮಾಲ್ ತಗೊಳ್ಳಿ ಅನ್ನಿಸಿಕೊಂಡು ಬಂದೆ. ಇಲ್ಲಿಯ ನಮ್ಮ ಜನ ಇದನ್ನೇ ದೊಡ್ಡ ಜೋಕ್ ಮಾಡುತ್ತಾರೆ. ಆದರೆ ಮುಚ್ಚಿಟ್ಟವನು ನಾನು.

ಮುಚ್ಚಿಟ್ಟದ್ದಕ್ಕೆ ಕಾರಣ ಇತ್ತು. ಚೈತ್ರಾ ಆಫೀಸಿಗೆ ಗೊತ್ತಾದರೆ? ವೀಸಾಗೆ ತೊಂದರೆಯಾದರೆ? ಅವಳ ವೀಸಾ ಮೇಲೆ ಬಂದವನು ನಾನು, ಅದರ ಮೇಲೆ ಹುಚ್ಚನ ಪಟ್ಟ ಬೇರೆ. ಸುಮ್ನೆ ಹೆದರಿದ್ದೆ. ಇಲ್ಲಿ ಇನ್ಶೂರೆನ್ಸ್ ಒಬ್ಬೊಬ್ಬರದೂ ಬೇರೆ ಬೇರೆ. ಬಂದ ನಾಲ್ಕು ತಿಂಗಳೊಳಗೆ ಇಬ್ಬರೂ ಮಾಡಿಸಲೇಬೇಕು. ಆಫೀಸಿನವರಿಗಿರಲಿ, ನಾನು ಒಪ್ಪದೆ ಡಾಕ್ಟರ್ ನನ್ನ ವಿಷಯ ಹೆಂಡತಿಗೂ ಹೇಳುವ ಹಾಗಿಲ್ಲ.

ಎರಡನೇ ಸಲ ಚೈತ್ರಾ ಜೊತೆಗೆ ಬಂದಳು. ಡಾಕ್ಟರ್ ಅದೇ ಕ್ಲಿನಿಕ್ಕಿನ ಇನ್ನೊಬ್ಬರ ಹತ್ತಿರ ಕಳಿಸಿದರು. ಮನಸ್ಸಿನ ತೊಂದರೆಗೆಂದೇ ಕೂತವರು, ಅವರಿಗೆ 'ಪಿಒಎಚ್' ಅನ್ನುತ್ತಾರೆ. ಇಲ್ಲಿ ವರ್ಷಕ್ಕೆ ಮೊದಲ 385 ಯೂರೊ ನಮ್ಮ ಕೈಯಿಂದಲೇ ಹೋಗಬೇಕು, ಆಮೇಲೆ ಇನ್ಶೂರೆನ್ಸ್. ಫ್ಯಾಮಿಲಿ ಡಾಕ್ಟರಿಗೂ ಈ ಪಿಒಎಚ್‌ಗೂ ಆ ಲೆಕ್ಕ ಇಲ್ಲ, ಬಿಟ್ಟಿ. ಇದು ಜೂನ್‌ನಲ್ಲೇ ಗೊತ್ತಿದ್ದರೆ!

ಆಕೆ ಮೊದಲು ಕೊಟ್ಟದ್ದು ಒಂದು ಫಾರಂ. 50 ಪ್ರಶ್ನೆ, ಎಲ್ಲ ಕಳೆದ ಒಂದು ವಾರದ್ದು. ತಲೆನೋವು ಇತ್ತಾ, ಎದೆ ಬಿಗಿತ ಇತ್ತಾ, ಬೆರಳಲ್ಲಿ ಜುಮುಜುಮು ಇತ್ತಾ? ಅಕ್ಕ, ನನ್ನ ಬಿ12 ಅಲ್ಲಿ ಅಚ್ಚಾಗಿತ್ತು! ನಗು ಬಂತು. ಹೊಟ್ಟೆಗೊಂದು, ಎದೆಗೊಂದು, ಮನಸ್ಸಿಗೊಂದು ಸಾಲು. ನಾವು ಮೂರಕ್ಕೂ 'ಸಂಕಟ' ಅಂದು ಮುಗಿಸುತ್ತೇವೆ. ಅದನ್ನು ಹರಿದು ಬೇರೆ ಬೇರೆ ಸಾಲಿಗೆ ಟಿಕ್ ಹಾಕುವುದೇ ಅರ್ಧ ಗಂಟೆ ಹಿಡಿಯಿತು.

ಆಮೇಲೆ ಆಕೆ, ಸಾಯಬೇಕು ಅನ್ನಿಸಿದ್ದಿದೆಯಾ ಅಂತ ನೇರವಾಗಿ ಕೇಳಿದರು. ಇಲ್ಲಿನವರ ಮಾತೇ ಹಾಗೆ. ಇಲ್ಲ ಅಂದೆ. ನಿಜವಾಗಿಯೂ ಇಲ್ಲ, ನಿನ್ನಾಣೆ. ಅಂಥ ಹೊತ್ತಿಗೆ ಅಂತ 113 ಅನ್ನುವ ನಂಬರ್ ಬರೆದುಕೊಟ್ಟರು. ಇನ್ನೊಂದು ಪ್ರಶ್ನೆ ಮಾತ್ರ ತಲೆ ತಗ್ಗಿಸಿತು. ಈ ವಾರ ಹೆಂಡತಿ ಬಿಟ್ಟು ಯಾರ ಹತ್ತಿರ ಮಾತಾಡಿದೆ? ಎಣಿಸಿದೆ. ತರಕಾರಿ ಅಂಗಡಿಯ ತುರ್ಕಿಯವನು. ಅಷ್ಟೇ. ನಿಮ್ಮ ಜೊತೆ ಮಾತಾಡಿದ್ದನ್ನು ಸೇರಿಸಲಿಲ್ಲ, ಅಲ್ಲಿ ಬರೀ "ಊಟ ಆಯ್ತು, ಮಳೆ ಬಂತು" ತಾನೇ.

ಈಗ ಮಂಗಳವಾರ ಲೈಬ್ರರಿಯಲ್ಲಿ ಡಚ್ ಮಾತಾಡುವ ಗುಂಪಿಗೆ ಹೋಗುತ್ತೇನೆ. ನನ್ನ ಡಚ್ ಕೇಳಿ ಸಿರಿಯಾದವನೊಬ್ಬ ನಗುತ್ತಾನೆ, ಅವನದ್ದು ಕೇಳಿ ನಾನು. ಇಬ್ಬರೂ ಕೂತು ಮಾತಾಡಿಕೊಳ್ಳಲು ದಂಪತಿ ಕೌನ್ಸೆಲಿಂಗ್ ಕೇಳಿದೆವು. ಬೇಸಿಕ್ ಇನ್ಶೂರೆನ್ಸ್‌ನಲ್ಲಿ ಅದಕ್ಕೆ ದುಡ್ಡಿಲ್ಲ. ಪಿಒಎಚ್ ಒಂದು ಸಲ ಚೈತ್ರಾನೂ ಕೂರಿಸಿಕೊಂಡರು. ಆ ಸಿಟ್ಟಿನ ವಿಷಯ ಹೇಳಿದ್ದು ಅವತ್ತೇ. ಅವಳಿಗೆ ಮೊದಲೇ ಗೊತ್ತಿತ್ತಂತೆ.

ಸೈಕಾಲಜಿಸ್ಟ್‌ಗೂ ಚೀಟಿ ಸಿಕ್ಕಿದೆ. 14 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಇಲ್ಲಿನ ಲೆಕ್ಕ. ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ ಕಾಯಬೇಕು. ಕ್ಯೂ ಕಮ್ಮಿ ಇರುವ ಜಾಗ ಹುಡುಕಿಕೊಡಿ ಅಂತ ಇನ್ಶೂರೆನ್ಸ್‌ನವರನ್ನೇ ಕೇಳಬಹುದು. ಚೈತ್ರಾ ಕೇಳಿದಳು, ಜನವರಿಗೆ ಸಿಕ್ಕಿತು. ಒಳ್ಳೆಯದೇ ಆಯಿತು. ಡಿಸೆಂಬರ್‌ನಲ್ಲಿ ಶುರುವಾಗಿದ್ದರೆ ಈ ವರ್ಷದ 385ಕ್ಕೂ ಕೈ ಹಾಕಬೇಕಿತ್ತು, ಮುಂದಿನ ವರ್ಷದ್ದಕ್ಕೂ.

ಇನ್ನು ಅಮ್ಮನ ವಿಷಯ. ಅಪ್ಪ ಹೋದಾಗಿನಿಂದ ನಿದ್ದೆ ಇಲ್ಲ, ಗ್ಯಾಸ್, ಎದೆ ಉರಿ ಅನ್ನುತ್ತಾರಲ್ಲ, ಆ ಫಾರಂ ತುಂಬುವಾಗ ಎರಡು ಸಲ ಅವರ ನೆನಪಾಯಿತು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಶುರುವಾದದ್ದು. ಬಿಟ್ಟಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಇದರ ಹಿಂದೆ ಇರುವುದು ನಿಮ್ಹಾನ್ಸ್. ಆದರೆ ಅಮ್ಮನ ಹತ್ತಿರ ಆ ಹೆಸರು ಎತ್ತಬೇಡ. "ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಅಂತ ಚಿಕ್ಕವರಿದ್ದಾಗ ಎಷ್ಟು ಸಲ ಆಡಿಕೊಂಡಿದ್ದೇವೆ, ನಾನೂ ನೀನೂ. ಬಲವಂತ ಮಾಡಬೇಡ. ಮೊದಲು ನೀನೇ ಒಮ್ಮೆ ಫೋನ್ ಮಾಡಿ ನೋಡು.

ಭಾವನಿಗೆ ಹೇಳಬಹುದು. ಅಮ್ಮನಿಗೆ ನಾನೇ ಹೇಳುತ್ತೇನೆ, ಏಪ್ರಿಲ್‌ನಲ್ಲಿ ಬಂದಾಗ, ಎದುರಿಗೆ ಕೂತು.

ಗುರುವಾರ ಮಾತ್ರ ನಿಮ್ಮ ಏಳೂವರೆಗೆ ಫೋನ್ ಮಾಡಬೇಡ. ಇಲ್ಲಿ ಆಗ ಮೂರು ಗಂಟೆ, ನಾನು ಕ್ಲಿನಿಕ್‌ನಲ್ಲಿರುತ್ತೇನೆ. ಒಂಬತ್ತರ ಮೇಲೆ ಮಾಡು. ಸ್ಪೀಕರ್ ಹಾಕಬೇಡ.

ನಿನ್ನ ತಮ್ಮ